ಇಳಕಲ್ ಸೀರೆಯ ದಡಿ ನೋಡಿ ಮೋಸ ಹೋಗಬೇಡಿ, ಕೊಂಡಿ ನೋಡಿ ಕೊಳ್ಳಿ

ಮಾನ್ಯ ಸಂಪಾದಕರಿಗೆ,

ಮದುವೆಯ ಸುಗ್ಗಿ ಶುರುವಾದರೆ ಸಾಕು, 'ಅಪ್ಪಟ ಇಳಕಲ್ ಸೀರೆ' ಎನ್ನುವ ಜಾಹೀರಾತುಗಳು ಪತ್ರಿಕೆಗಳಲ್ಲಿಯೂ ಮೊಬೈಲ್ ಪರದೆಯಲ್ಲಿಯೂ ತುಂಬಿಕೊಳ್ಳುತ್ತವೆ. ಅವುಗಳಲ್ಲಿ ತೋರಿಸುವ ಚಿತ್ರ ಹೆಚ್ಚಾಗಿ ದಡಿಯದ್ದು, ಅಂದರೆ ಸೀರೆಯ ಅಂಚಿನ ಪಟ್ಟಿಯದ್ದು: ಕೆಂಪು ಪಟ್ಟೆ, ಅದರೊಳಗೆ ಬಿಳಿ ಹಳದಿ ಎಳೆಗಳ ಸಣ್ಣ ಚಿಕ್ಕಿ. ಕೊಳ್ಳುವವರೂ ಅದನ್ನೇ ಗುರುತು ಎಂದುಕೊಂಡಿದ್ದಾರೆ. ಆದರೆ ದಡಿಯನ್ನು ಯಾವ ಊರಿನ ಯಾವ ಯಂತ್ರದ ಮೇಲೂ ನೇಯಬಹುದು, ಬೇಕಾದರೆ ಅಚ್ಚೂ ಒತ್ತಬಹುದು. ಇಳಕಲ್ ಸೀರೆಯ ನಿಜವಾದ ಗುರುತು ಇರುವುದು ಸೆರಗು ಒಡಲಿಗೆ ಕೂಡುವ ಆ ಒಂದು ಗೆರೆಯಲ್ಲಿ. ಅದರ ಹೆಸರು ಕೊಂಡಿ. ಓದುಗರು ಅಂಗಡಿಯಲ್ಲಿ ನಿಂತು ತಾವೇ ಪರೀಕ್ಷಿಸಿಕೊಳ್ಳಲು ಬೇಕಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇವೆ.

ಕೊಂಡಿ ಎಂದರೇನು ಎಂದು ತಿಳಿಯಬೇಕಾದರೆ ಮೊದಲು ಹಾಸು ತಿಳಿಯಬೇಕು. ಬಟ್ಟೆಯ ಉದ್ದಕ್ಕೆ ಓಡುವ ಎಳೆ ಹಾಸು, ಲಾಳಿಯಲ್ಲಿ ಅಡ್ಡಕ್ಕೆ ಹಾಯುವ ಎಳೆ ಹೊಕ್ಕು. ಸಾಮಾನ್ಯ ಸೀರೆಯಲ್ಲಿ ಹಾಸು ಒಂದೇ. ಒಡಲಿಗೆ ಹಾಕಿದ ಎಳೆಯೇ ಸೆರಗಿನ ತುದಿಯವರೆಗೂ ಓಡುತ್ತದೆ. ಸೆರಗು ಬಂದಾಗ ನೇಕಾರ ಹೊಕ್ಕಿನ ಬಣ್ಣ ಬದಲಿಸುತ್ತಾನೆ, ಅಷ್ಟೆ. ಹೀಗೆ ಒಂದೇ ಉದ್ದನೆಯ ಹಾಸಿನ ಮೇಲೆ ಒಂದರ ಹಿಂದೊಂದು ಅನೇಕ ಸೀರೆ ನೇಯಬಹುದು.

ಇಳಕಲ್ಲಿನ ಪದ್ಧತಿ ಬೇರೆ. ಇಲ್ಲಿ ಒಡಲಿನ ಹಾಸು ಬೇರೆ, ದಡಿಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಇರಬಹುದು, ರೇಷ್ಮೆ ಇರಬಹುದು. ದಡಿ ಮತ್ತು ಸೆರಗಿಗೆ ರೇಷ್ಮೆ ಇಲ್ಲವೇ ನಾವು ಚಮಕಾ ಎಂದು ಕರೆಯುವ ಕೃತಕ ರೇಷ್ಮೆ. ದಡಿ, ಸೆರಗು ಎರಡರ ಬಣ್ಣವೂ ಒಂದೇ. ಒಡಲಿನ ಹಾಸಿನ ತುದಿಯಲ್ಲಿರುವ ಪ್ರತಿ ಕುಣಿಕೆಯೊಳಗೆ ಸೆರಗಿನ ಹಾಸಿನ ಕುಣಿಕೆಯನ್ನು ತೂರಿಸಿ ಒಂದಕ್ಕೊಂದು ಸಿಕ್ಕಿಸುತ್ತಾರೆ. ಸರಪಳಿಯ ಎರಡು ಉಂಗುರ ಹೇಗೆ ಸಿಕ್ಕಿಕೊಂಡಿರುತ್ತವೋ ಹಾಗೆ. ಗಂಟು ಇಲ್ಲ, ಹೊಲಿಗೆ ಇಲ್ಲ. ಸೀರೆಯ ಪನ್ನದ, ಅಂದರೆ ಅಗಲದ, ಆಚೆ ತುದಿಯಿಂದ ಈಚೆ ತುದಿಯವರೆಗೆ ಸಾವಿರಾರು ಎಳೆಗಳನ್ನು ಹೀಗೆ ಒಂದೊಂದಾಗಿ ಕೂಡಿಸಬೇಕು. ಬಹಳ ಮನೆಗಳಲ್ಲಿ ಈ ಕೆಲಸ ಹೆಂಗಸರದ್ದು. ಸೀರೆಗೆ ಬೆಲೆ ಕಟ್ಟುವವರ ಕಣ್ಣಿಗೆ ಬೀಳದ ಕೆಲಸವೂ ಇದೇ.

ಇದರಿಂದ ಎರಡು ಸಂಗತಿ ಹುಟ್ಟುತ್ತವೆ. ಒಂದು, ಪ್ರತಿ ಸೀರೆಗೂ ಬೇರೆಯದೇ ಹಾಸು ಮಾಡಬೇಕು. ಆರು ಗಜದ ಸೀರೆಯಾದರೆ ಆರು ಗಜದ್ದು, ಎಂಟು ಅಥವಾ ಒಂಬತ್ತು ಗಜದ್ದಾದರೆ ಅಷ್ಟೇ ಉದ್ದದ್ದು. ಮಗ್ಗಕ್ಕೆ ಏರಿಸುವ, ಎಳೆ ಕೂಡಿಸುವ ಶ್ರಮ ಪ್ರತಿ ಸಲವೂ ಹೊಸದು. ಎರಡನೆಯದು, ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಆದ್ದರಿಂದಲೇ ಆ ಕೆಂಪು ಅಷ್ಟು ತುಂಬಿಕೊಂಡು ಕಾಣುತ್ತದೆ. ಹಸಿರು ಒಡಲಿನ ಹಾಸಿನ ಮೇಲೆಯೇ ಕೆಂಪು ಹೊಕ್ಕು ಹೊಡೆದರೆ ಸೆರಗು ಕಂದು ಬೆರೆತು ಮಂಕಾಗುತ್ತದೆ. ಕಪ್ಪು ಒಡಲಾದರೆ ಇನ್ನಷ್ಟು ಮಂಕು. ಕಂಚೀಪುರದ ರೇಷ್ಮೆ ಸೀರೆಯಲ್ಲೂ ಸೆರಗಿನ ಹಾಸನ್ನು ಬೇರೆಯಾಗಿ ತಂದು ಕೂಡಿಸುವ ಪದ್ಧತಿಯಿದೆ, ಅದಕ್ಕೆ ಅಲ್ಲಿಯವರು ಪೇಟ್ನಿ ಎನ್ನುತ್ತಾರೆ. ನಮ್ಮಲ್ಲಿ ಕೂಡಿಸುವ ಬಗೆ ಕುಣಿಕೆಯದ್ದು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಹೀಗೆ ಅಂಟಿಸದೆ, ಹೊಲಿಯದೆ ಒಂದೇ ಬಟ್ಟೆಯಾಗಿ ಮಾಡಿದ್ದೇ ಇಳಕಲ್ಲಿನ ಹೆಚ್ಚುಗಾರಿಕೆ.

ಈ ಸೆರಗಿಗೆ ತೋಪು ತೆನಿ ಎಂದು ಹೆಸರು. ಕೆಂಪಿನ ಮೂರು ಪಟ್ಟೆ, ಅವುಗಳ ನಡುವೆ ಬಿಳಿಯ ಎರಡು ಪಟ್ಟೆ. ಕೆಂಪು ಬಿಳಿ ಸೇರುವಲ್ಲಿ ಹಲ್ಲುಹಲ್ಲಾಗಿ ಕಾಣುವುದು ಹಣಿಗೆ, ಕೋಟೆಯ ತೆನೆಯಂತಿರುವುದು ಕೋಟಿ ಕಮ್ಮಲಿ, ಜೋಳದ ತೆನೆಯ ಹಾಗಿರುವುದು ತೋಪು ತೆನಿ, ಗುಡ್ಡಸಾಲಿನ ಹಾಗಿರುವುದು ರಂಪ. ಸೆರಗಿನ ಉದ್ದ ಸಾಮಾನ್ಯವಾಗಿ 16ರಿಂದ 27 ಇಂಚು. ಅಂಗಡಿಯಲ್ಲಿ ಅಳತೆ ಪಟ್ಟಿ ಕೇಳಿ ಪಡೆಯುವುದು ತಪ್ಪಲ್ಲ.

ಇನ್ನು ನೋಡುವ ಬಗೆ. ಸೀರೆಯನ್ನು ಮಡಿಕೆಯಲ್ಲೇ ನೋಡಿ ಒಪ್ಪಬೇಡಿ, ಸೆರಗನ್ನು ಪೂರ್ತಿ ಬಿಚ್ಚಿಸಿ. ಮೊದಲು ಸೆರಗಿನ ತುದಿಯಲ್ಲಿ ಇಳಿಬಿದ್ದ ಎಳೆ ನೋಡಿ. ಕುಚ್ಚು ಕಟ್ಟುವ ಈ ಎಳೆಗಳು ಹಾಸಿನ ಎಳೆಗಳೇ. ಕೊಂಡಿ ಹಾಕಿದ ಸೀರೆಯಲ್ಲಿ ಒಡಲು ಯಾವ ಬಣ್ಣದ್ದೇ ಇರಲಿ, ಈ ತುದಿ ಎಳೆ ಅಂಚಿನಿಂದ ಅಂಚಿಗೆ ಸೆರಗಿನ ಕೆಂಪೇ ಆಗಿರುತ್ತದೆ. ತುದಿಯಲ್ಲಿ ಒಡಲಿನ ಹಸಿರು, ನೀಲಿ, ಕಪ್ಪು ಎಳೆ ಕಂಡರೆ ಅಲ್ಲಿ ಕೊಂಡಿ ಇಲ್ಲ. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಇದನ್ನು ಮುಚ್ಚಲೆಂದೇ ಕೆಲವು ಸೀರೆಗಳಿಗೆ ಕೆಂಪು ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿರುತ್ತಾರೆ. ಆದ್ದರಿಂದ ಕುಚ್ಚು ಬಟ್ಟೆಯೊಳಗಿಂದ ಹೊರಟಿದೆಯೋ, ಬಟ್ಟೆಯ ಮೇಲೆ ಕೂತಿದೆಯೋ ಎಂದು ತಿರುಗಿಸಿ ನೋಡಿ.

ಒಡಲೂ ಕೆಂಪೇ ಆಗಿದ್ದರೆ ಬಣ್ಣದಿಂದ ತಿಳಿಯುವುದಿಲ್ಲ. ಆಗ ಎಳೆಯನ್ನು ಮುಟ್ಟಿ ನೋಡಬೇಕು. ಒಡಲಿನ ಹತ್ತಿ ಎಳೆ ಬೆರಳಿಗೆ ಒಣಕಲಾಗಿ ಹತ್ತುತ್ತದೆ, ಸೆರಗಿನ ಎಳೆ ಜಾರುತ್ತದೆ. ಒಡಲೂ ರೇಷ್ಮೆ, ಬಣ್ಣವೂ ಒಂದೇ ಆಗಿದ್ದರೆ ಉಳಿಯುವುದು ಕೊಂಡಿಯ ಗೆರೆಯೊಂದೇ. ಸೆರಗು ಶುರುವಾಗುವ ಕಡೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಅಡ್ಡಕ್ಕೆ ಒಂದು ಸಣ್ಣ ಗೆರೆ ಕಾಣುತ್ತದೆ, ಬೆರಳಾಡಿಸಿದರೆ ಸಣ್ಣ ಏಣಿನ ಹಾಗೆ ಸಿಗುತ್ತದೆ. ಗೆರೆ ನೇರವಾಗಿದ್ದು, ಎಳೆಗಳ ನಡುವೆ ಬೆಳಕಿನ ಕಿಂಡಿ ಇಲ್ಲದಿದ್ದರೆ ಕೊಂಡಿ ಚೆನ್ನಾಗಿ ಕೂತಿದೆ ಎಂದು ಅರ್ಥ.

ಕೊಂಡಿ ಕೆಡುವುದೂ ಉಂಟು, ಅದನ್ನೂ ಹೇಳಬೇಕು. ಕುಣಿಕೆಗಳ ಉದ್ದ ಒಂದೇ ಸಮ ಇರದಿದ್ದರೆ ಗೆರೆ ಹಾವಿನಂತೆ ಓಡುತ್ತದೆ. ಒಡಲಿನ ಹಾಸಿನ ಬಿಗಿ ಒಂದು, ಸೆರಗಿನ ಹಾಸಿನ ಬಿಗಿ ಇನ್ನೊಂದು ಆದರೆ ಸೆರಗು ಜೋಲು ಬಿದ್ದು ಗೆರೆಯ ಬಳಿ ಸುಕ್ಕು ನಿಲ್ಲುತ್ತದೆ. ಇಸ್ತ್ರಿ ಹಾಕಿದಾಗ ಹೋದಂತೆ ಕಂಡರೂ ಒಗೆದಾಗ ಮತ್ತೆ ಬರುತ್ತದೆ. ನೇಯುವಾಗ ಕುಣಿಕೆಯೊಂದು ಹರಿದು, ಅದನ್ನು ಮತ್ತೆ ಸಿಕ್ಕಿಸದೆ ಹಾಗೆಯೇ ಮುಂದುವರಿದರೆ ಅಲ್ಲಿಂದ ಸೆರಗಿನ ತುದಿಯವರೆಗೆ ಒಂದು ಎಳೆ ಕಾಣೆಯಾಗಿ ಉದ್ದಕ್ಕೆ ತೆಳು ಗೀರು ಉಳಿಯುತ್ತದೆ. ಕೈಕೆಲಸದಲ್ಲಿ ಹೊಕ್ಕು ಒಂದಿಷ್ಟು ಹೆಚ್ಚು ಕಡಿಮೆಯಾಗುವುದು ದೋಷವಲ್ಲ. ಆದರೆ ಮೇಲೆ ಹೇಳಿದ ಮೂರೂ ದೋಷಗಳೇ. ಇವನ್ನು 'ಕೈಮಗ್ಗ ಎಂದರೆ ಹೀಗೇ' ಎಂದು ಸಮಜಾಯಿಷಿ ಕೊಟ್ಟು ಮಾರುವವರನ್ನು ನಂಬಬೇಡಿ.

ಜನರಲ್ಲಿ ಬಳಕೆಯಲ್ಲಿರುವ ಕೆಲವು ಪರೀಕ್ಷೆಗಳು ಪೂರ್ತಿ ಕೆಲಸಕ್ಕೆ ಬರುವಂಥವಲ್ಲ. ಅಂಚಿನುದ್ದಕ್ಕೂ ಸೂಜಿ ತೂತು ಕಂಡರೆ ಕೈಮಗ್ಗದ್ದು ಎನ್ನುತ್ತಾರೆ. ಬಟ್ಟೆ ಮುದುಡದಂತೆ ಪನ್ನವನ್ನು ಅಗಲಿಸಿ ಹಿಡಿಯುವ ಮೊಳೆ ಕಡ್ಡಿಯ ಗುರುತು ಅದು. ಆದರೆ ವಿದ್ಯುತ್ ಮಗ್ಗದಲ್ಲೂ ಪನ್ನ ಹಿಡಿಯುವ ಮುಳ್ಳಿನ ಉರುಳೆ ಇರುತ್ತದೆ, ಅದೂ ಗುರುತು ಬಿಡುತ್ತದೆ. ಅಂಚಿನಲ್ಲಿ ಹೊಕ್ಕಿನ ಎಳೆ ಕತ್ತರಿಸಿ ಜುಂಜು ಬಿಟ್ಟಿದ್ದರೆ ಅದು ಲಾಳಿ ಇಲ್ಲದ ಯಂತ್ರದ ಬಟ್ಟೆ, ಅನುಮಾನವೇ ಬೇಡ. ಅಂಚಿನಲ್ಲಿ ಎಳೆ ಸುತ್ತಿ ತಿರುಗಿ ಬಂದಿದೆ ಎಂದ ಮಾತ್ರಕ್ಕೆ ಕೈಮಗ್ಗ ಎನ್ನಲು ಬರುವುದಿಲ್ಲ, ಲಾಳಿ ಓಡುವ ವಿದ್ಯುತ್ ಮಗ್ಗದಲ್ಲೂ ಅಂಚು ಹಾಗೆಯೇ ಬರುತ್ತದೆ. ಚೌಕಡಿ ಅಥವಾ ಗೆರೆಯ ಒಡಲಾದರೆ ಹಿಂದೆ ಮುಂದೆ ಎರಡೂ ನೋಡಿ: ಬಣ್ಣದ ನೂಲಿನಿಂದಲೇ ನೇಯ್ದ ಚೌಕಡಿ ಎರಡೂ ಕಡೆ ಒಂದೇ ಗಾಢವಾಗಿರುತ್ತದೆ, ಅಚ್ಚು ಒತ್ತಿದ್ದು ಹಿಂಬದಿಯಲ್ಲಿ ಮಂಕು.

ದಡಿಗಳ ವಿಷಯ ಬೇಗ ಮುಗಿಸುತ್ತೇವೆ. ಗೋಮಿ ದಡಿಯನ್ನೇ ಇಳಕಲ್ ದಡಿ ಎಂದೂ ಕರೆಯುತ್ತಾರೆ. ಪರಾಸಪೇಟೆಯಲ್ಲಿ ಚಿಕ್ಕಿ ಪರಾಸ, ದೊಡ್ಡ ಪರಾಸ ಎಂದು ಎರಡು ಬಗೆ. ಗಾಡಿ ಇನ್ನೊಂದು. ಗಾಯತ್ರಿ ಈಚಿನದು. ಒಡಲಿಗೆ ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು ಹಳೆಯ ಮೆಚ್ಚಿನ ಬಣ್ಣಗಳು.

ನೂಲಿನ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ದುಡ್ಡು ಹೋಗುವುದು ಅಲ್ಲಿಯೇ. ಇಳಕಲ್ ಸೀರೆಯಲ್ಲಿ ಮುಖ್ಯವಾಗಿ ಹತ್ತಿಯ ಒಡಲಿಗೆ ಚಮಕಾ ದಡಿ ಸೆರಗು, ಹತ್ತಿಯ ಒಡಲಿಗೆ ಶುದ್ಧ ರೇಷ್ಮೆಯ ದಡಿ ಸೆರಗು, ರೇಷ್ಮೆ ಮತ್ತು ಹತ್ತಿ ಬೆರೆತ ಒಡಲು, ಪೂರ್ತಿ ರೇಷ್ಮೆ ಹೀಗೆ ಬಗೆಗಳಿವೆ. ನಾಲ್ಕೂ ಒಳ್ಳೆಯ ಸೀರೆಗಳೇ. ಹತ್ತಿಯ ಒಡಲು ಚಮಕಾ ಸೆರಗಿನದು ಕೊಂಡಿ ಹಾಕಿ ಕೈಮಗ್ಗದಲ್ಲಿ ನೇಯ್ದದ್ದಾದರೆ ಅದೂ ಅಪ್ಪಟವೇ, ಕಡಿಮೆಯದೆಂದು ತಿಳಿಯಬೇಕಿಲ್ಲ. ತಪ್ಪು ಇರುವುದು ಚಮಕಾವನ್ನು ರೇಷ್ಮೆ ಎಂದು ಮಾರುವುದರಲ್ಲಿ, ಪಾಲಿಯೆಸ್ಟರ್ ಅನ್ನು ಚಮಕಾ ಎಂದು ಮಾರುವುದರಲ್ಲಿ.

ಸೆರಗಿನ ತುದಿಯ ಎಳೆಯೊಂದನ್ನು ಸುಟ್ಟರೆ ತಿಳಿಯುತ್ತದೆ. ಎರಡು ಇಂಚು ಎಳೆ ಕತ್ತರಿಸಿ ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು ಬೆಂಕಿ ತಾಗಿಸಿ. ರೇಷ್ಮೆ ನಿಧಾನ ಸುಟ್ಟು ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಚಮಕಾ ಎಂದರೆ ವಿಸ್ಕೋಸ್. ಅದು ಮರದ ನಾರಿನಿಂದ ಮಾಡಿದ್ದಾದ್ದರಿಂದ ಕಾಗದದ ಹಾಗೆ ಭರ್ರನೆ ಉರಿದು ಮೆತ್ತನೆಯ ಬೂದಿ ಬೀಳುತ್ತದೆ. ಹತ್ತಿಯೂ ಹಾಗೆಯೇ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ, ಆ ಮಣಿ ಪುಡಿಯಾಗುವುದಿಲ್ಲ. ಅಂಗಡಿಯವರು ಒಂದು ಎಳೆ ಕೊಡಲೂ ಒಪ್ಪದಿದ್ದರೆ ರೇಷ್ಮೆಯ ಬೆಲೆ ಕೊಟ್ಟು ಆ ಸೀರೆ ತರಬೇಡಿ.

ತಂದ ಸೀರೆ ಮನೆಯಲ್ಲಿ ಹಾಳಾಗುವುದು ಬಹುತೇಕ ಮೊದಲ ಒಗೆತದಲ್ಲಿ. 'ಬಣ್ಣ ಬಿಟ್ಟಿತು, ದಡಿ ಸುರುಳಿಯಾಯಿತು' ಎನ್ನುವ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿದೆ.

ಒಂದೇ ಬಟ್ಟೆಯಲ್ಲಿ ಎರಡು ಸ್ವಭಾವದ ನೂಲುಗಳಿವೆ ಎಂಬುದನ್ನು ಮರೆಯಬಾರದು. ಹತ್ತಿಯ ಒಡಲು ಮೊದಲ ನೀರಿಗೆ ಸ್ವಲ್ಪ ಕುಗ್ಗುತ್ತದೆ, ರೇಷ್ಮೆಯ ದಡಿ ಅಷ್ಟು ಕುಗ್ಗುವುದಿಲ್ಲ. ಒಡಲು ಗಿಡ್ಡವಾಗಿ ದಡಿ ಉದ್ದ ಉಳಿದಾಗ ದಡಿ ಅಲೆಅಲೆಯಾಗಿ ನಿಲ್ಲುತ್ತದೆ. ಇದು ನೇಯ್ಗೆಯ ತಪ್ಪಲ್ಲ. ಸೀರೆ ಅರೆಹಸಿ ಇರುವಾಗಲೇ ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಎರಡು ಜನ ಆಚೆ ಈಚೆ ನಿಂತು ಉದ್ದಕ್ಕೆ ಎಳೆದು ಜಾಡಿಸಿದರೆ ಒಡಲು ಮತ್ತೆ ಹಿಗ್ಗುತ್ತದೆ. ಹಳೆಯ ಹೆಂಗಸರು ಮಾಡುತ್ತಿದ್ದುದು ಇದನ್ನೇ. ಫಾಲ್ ಹಚ್ಚುವವರು ಹತ್ತಿಯ ಫಾಲನ್ನೇ ಆರಿಸಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕೈಹೊಲಿಗೆಯಲ್ಲಿ ಸಡಿಲವಾಗಿ ಹಚ್ಚಲಿ. ಪಾಲಿಯೆಸ್ಟರ್ ಫಾಲ್ ಕುಗ್ಗುವುದೇ ಇಲ್ಲ. ಒಡಲು ಕುಗ್ಗಿದಾಗ ಅದು ಚೀಲದಂತೆ ಜೋತುಬಿದ್ದು ನಿರಿಗೆಯೆಲ್ಲ ಕೆಡುತ್ತದೆ.

ಬಣ್ಣದ ಮಾತಿಗೆ ಬಂದರೆ, ಸೆರಗಿನ ಕೆಂಪು ಬಣ್ಣ ಬಿಳಿಯ ತೆನೆಗೆ ಅಂಟಿ ಅದು ಗುಲಾಬಿಯಾದರೆ ಆಮೇಲೆ ಏನು ಮಾಡಿದರೂ ಆ ಬಿಳಿ ಮರಳುವುದು ಕಷ್ಟ. ಆದ್ದರಿಂದ ನೆನೆಹಾಕಲೇಬಾರದು. ಉಪ್ಪುನೀರಲ್ಲಿ ರಾತ್ರಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ. ಬಣ್ಣ ಗಟ್ಟಿಯಾಗುವುದು ಬಣ್ಣದ ಕೊಪ್ಪರಿಗೆಯ ಕಾವಿನಲ್ಲಿ, ನೂಲು ಲಡಿಯಾಗಿರುವಾಗ. ನೇಯ್ದು ಬಂದ ಸೀರೆಯನ್ನು ಉಪ್ಪುನೀರಲ್ಲಿಟ್ಟರೆ ಸಡಿಲ ಬಣ್ಣ ನೀರಿಗಿಳಿದು ಬಿಳಿಗೆ ಹತ್ತಲು ಇಡೀ ರಾತ್ರಿ ಸಮಯ ಕೊಟ್ಟಂತಾಗುತ್ತದೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ: ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಸೆರಗಿನ ಒಳಬದಿಯ ಕೆಂಪಿಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆ ಕೆಂಪಾದರೆ ಮೊದಲ ಎರಡು ಮೂರು ಸಲ ಡ್ರೈಕ್ಲೀನ್ ಮಾಡಿಸಿ.

ಮನೆಯಲ್ಲೇ ಒಗೆಯುವುದಾದರೆ ಅಂಟುವಾಳಕಾಯಿಗಿಂತ ಒಳ್ಳೆಯದು ಇಲ್ಲ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಗಳನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಸೋಸದೆ ಹಾಕಿದರೆ ಸಿಪ್ಪೆಯ ಕಂದು ಕಲೆ ಬಿಳಿಗೆ ಕೂರುತ್ತದೆ. ಅರ್ಧ ಬಕೆಟ್ ತಣ್ಣೀರಿಗೆ ಈ ನೊರೆನೀರು ಬೆರೆಸಿ ಒಡಲನ್ನು ಮೊದಲು ಅದ್ದಿ ಕುಲುಕಿ, ಸೆರಗನ್ನು ಕೈಯಲ್ಲಿ ಮೇಲೆ ಹಿಡಿದುಕೊಂಡಿದ್ದು ಕೊನೆಗೆ ಅದ್ದಿ ಕೂಡಲೇ ತೆಗೆಯಿರಿ. ಎಲ್ಲ ಸೇರಿ ಐದು ನಿಮಿಷ ಮೀರಬಾರದು. ಬಟ್ಟೆ ಸೋಪಿನ ಪುಡಿಯಲ್ಲಿ ಕ್ಷಾರ ಹೆಚ್ಚು, ಅದು ರೇಷ್ಮೆಯ ಹೊಳಪನ್ನೂ ಬಣ್ಣವನ್ನೂ ಎರಡನ್ನೂ ತಿನ್ನುತ್ತದೆ. ಸ್ವಚ್ಛ ನೀರಲ್ಲಿ ಎರಡು ಸಲ ಜಾಲಿಸಿ, ಕೊನೆಯ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ರೇಷ್ಮೆಗೆ ಒಳ್ಳೆಯದು.

ಹಿಂಡಲೇಬಾರದು. ಚಮಕಾ ಒದ್ದೆಯಾದಾಗ ಅದರ ಬಲ ಅರ್ಧದಷ್ಟು ಇಳಿಯುತ್ತದೆ. ಹಿಂಡಿದ ಸೀರೆಯ ದಡಿ ಮೊದಲು ಸೀಳುವುದು ಇದಕ್ಕೇ. ನೀರು ತಾನಾಗಿ ಸೋರಲಿ, ಆಮೇಲೆ ಒಣ ಟವಲಿನಲ್ಲಿ ಸುತ್ತಿ ಒತ್ತಿ. ಒದ್ದೆ ಸೀರೆಯನ್ನು ಮುದ್ದೆ ಮಾಡಿ ಬಕೆಟ್ಟಿನಲ್ಲಿ ಬಿಟ್ಟರೆ ಸೆರಗಿನ ಕೆಂಪು ಬಣ್ಣ ಒಡಲಿಗೆ ಅಚ್ಚೊತ್ತಿದಂತೆ ಹತ್ತುತ್ತದೆ. ಒಣಗಿಸುವುದು ನೆರಳಲ್ಲಿ, ಒಳಬದಿ ಮೇಲೆ ಬರುವಂತೆ, ಎರಡು ಹಗ್ಗಗಳ ಮೇಲೆ ಹಾಸಿದ ಹಾಗೆ ಹರಡಿ. ಒಂದೇ ಹಗ್ಗಕ್ಕೆ ದಡಿ ಕೆಳಗಾಗಿ ಇಳಿಬಿಟ್ಟರೆ ಇಡೀ ಸೀರೆಯ ನೀರಿನ ಭಾರ ದಡಿಗೆ ಬಿದ್ದು ಅದು ಜಗ್ಗಿಕೊಳ್ಳುತ್ತದೆ. ಗಂಜಿ ಹಾಕುವುದಾದರೆ ಒಡಲಿಗೆ ಮಾತ್ರ, ತೆಳುವಾಗಿ. ಇಸ್ತ್ರಿ ಒಡಲಿಗೆ ಬಿಸಿಯಾಗಿ, ದಡಿ ಸೆರಗಿಗೆ ಹದವಾಗಿ ಒಳಬದಿಯಿಂದ, ಮೇಲೊಂದು ತೆಳು ಬಟ್ಟೆ ಹಾಕಿ.

ಪೆಟ್ಟಿಗೆಗೆ ಇಡುವ ಮುಂಚೆ ಗಂಜಿ ತೊಳೆದು ತೆಗೆಯಿರಿ. ಬೆಳ್ಳಿಮೀನು ಹುಳ ಬರುವುದು ಗಂಜಿಯ ರುಚಿಗೆ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ನಿಂತು ಬೂಸಲು ಬರುತ್ತದೆ. ಹಳೆಯ ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆಯನ್ನು ಸಣ್ಣ ಚೀಲದಲ್ಲಿ ಕಟ್ಟಿ ಪಕ್ಕಕ್ಕಿಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಗಾಳಿಗಿಟ್ಟು ಮಡಿಕೆ ಬದಲಿಸಿ, ಮಡಿಕೆ ಕೊಂಡಿಯ ಗೆರೆಯ ಮೇಲೆಯೇ ಬೀಳದಂತೆ ನೋಡಿಕೊಳ್ಳಿ. ಹಳೆಯ ಸೀರೆ ಕತ್ತರಿಸಿ ಲಂಗವನ್ನೋ ಕುರ್ತಾವನ್ನೋ ಹೊಲಿಸುವವರು ಕೊಂಡಿಯ ಗೆರೆಯ ಮೇಲೆ ಕತ್ತರಿ ಹಾಕಿಸಬಾರದು. ಅಲ್ಲಿ ಎಳೆಗಳನ್ನು ಹಿಡಿದಿರುವುದು ಕುಣಿಕೆಗಳು ಮಾತ್ರ. ಗೆರೆಯ ಎರಡೂ ಬದಿಗೆ ಎರಡೆರಡು ಇಂಚು ಬಿಟ್ಟು ಕತ್ತರಿಸಲು ಟೇಲರ್‌ಗೆ ತಿಳಿಸಿ.

ಹಳೆಯ ಪದ್ಧತಿಯ ಇಳಕಲ್ ಸೀರೆಗೆ ಕುಬಸದ ಬಟ್ಟೆ ಕೂಡಿ ಬರುತ್ತಿರಲಿಲ್ಲ. ಅದಕ್ಕೆ ಜೋಡಿ ಗುಳೇದಗುಡ್ಡದ ಖಣ. ಖಣ ಹುಟ್ಟಿದ್ದೇ ಕುಬಸಕ್ಕಾಗಿ, ಕಡಿಮೆ ಪನ್ನದ ಮಗ್ಗದಲ್ಲಿ, ಎರಡೂ ಕಡೆ ಅಂಚು ಇಟ್ಟು. ತ್ರಿಕೋನವಾಗಿ ಮಡಿಚಿ ಮಾರುವ, ಉಡಿ ತುಂಬಲು ಕೊಡುವ ಬಟ್ಟೆ ಅದು. ಈಗ ಎಲ್ಲೆಡೆ ಕಾಣುವ 'ಖಣದ ಸೀರೆ' ಅಗಲ ಪನ್ನದ ವಿದ್ಯುತ್ ಮಗ್ಗದ್ದೇ ಹೆಚ್ಚು. ಇಷ್ಟವಿದ್ದರೆ ಉಡಿ, ಅದನ್ನು ಗುಳೇದಗುಡ್ಡದ ಕೈಮಗ್ಗದ್ದೆಂದು ತಿಳಿದು ದುಡ್ಡು ಕೊಡಬೇಡಿ.

ಖಣ ಹೊಲಿಸುವಾಗ ಮೂರು ಎಚ್ಚರಿಕೆ ಬೇಕು. ಖಣದ ಬುಟ್ಟಾ ಹಾಸಿನ ಹೆಚ್ಚುವರಿ ಎಳೆಯಿಂದ ಎದ್ದದ್ದು, ಆ ಎಳೆ ಹಿಂಬದಿಯಲ್ಲಿ ಸಡಿಲವಾಗಿ ಹಾಯ್ದಿರುತ್ತದೆ. ಅಸ್ತರ್ ಹಾಕದೆ ಹೊಲಿದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತದೆ. ಅಸ್ತರ್ ಹತ್ತಿಯದಿರಲಿ, ಮೊದಲೇ ನೆನೆಸಿ ಒಣಗಿಸಿದ್ದಿರಲಿ. ಹಾಸಿನ ರೇಷ್ಮೆ ಎಳೆ ನುಣುಪು. ಕುಬಸ ಬಿಗಿಯಾದರೆ ಕಂಕುಳ ಬಳಿ ಹೊಲಿಗೆಯ ಪಕ್ಕದ ಎಳೆಗಳು ಸರಿದು ಬಟ್ಟೆ ಬಾಯಿ ಬಿಡುತ್ತದೆ. ಒಳಗೆ ಪೂರ್ತಿ ಒಂದು ಇಂಚು ಬಟ್ಟೆ ಬಿಡಿಸಿ, ಮೈಗೆ ತುಸು ಸಡಿಲ ಇಡಿಸಿ. ಇನ್ನು ಬುಟ್ಟಾದಲ್ಲಿ ತೇರಿದ್ದರೆ ತೇರಿನ ಕಳಸ ಮೇಲಿರಬೇಕಲ್ಲ. ಬಟ್ಟೆ ಉಳಿಸಲು ಟೇಲರುಗಳು ತೋಳನ್ನು ತಲೆಕೆಳಗಾಗಿ ಕತ್ತರಿಸಿಬಿಡುತ್ತಾರೆ. ಕೊಡುವಾಗಲೇ ಸೀಸದ ಕಡ್ಡಿಯಿಂದ ಹಿಂಬದಿಯಲ್ಲಿ ಮೇಲುಬದಿ ಯಾವುದೆಂದು ಬಾಣ ಎಳೆದು ಕೊಡಿ.

ಕಸೂತಿಯ ಬಗ್ಗೆಯೂ ಒಂದು ಮಾತು. ಕೈಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಗಂಟೂ ಹಾಕುವುದಿಲ್ಲ. ಗವಂತಿ ಮತ್ತು ಮುರಗಿ ಹೊಲಿಗೆ ಹಿಂದೆ ಮುಂದೆ ಒಂದೇ ರೀತಿ ಕಾಣುತ್ತವೆ. ನೇಯ್ಗಿ ಮತ್ತು ಮೆಂತಿ ಹಾಗಲ್ಲ, ಅವುಗಳ ಹಿಂಬದಿ ಬೇರೆ. ಆದ್ದರಿಂದ ಗವಂತಿಯ ಗೋಪುರದ ಹಿಂಬದಿ ತಿರುಗಿಸಿ ನೋಡಿ. ಅಲ್ಲಿ ಬಿಳಿ ಬಾಬಿನ್ ದಾರ ಇಲ್ಲವೇ ಅಂಟಿಸಿದ ಬಿಗಿ ಕಾಗದ ಕಂಡರೆ ಅದು ಯಂತ್ರದ್ದು. ನುಣುಪಾದ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಎಳೆ ಎಣಿಸಲಾಗದೆ ಮೇಲೆ ಜಾಳಿಗೆ ಬಟ್ಟೆ ಇಟ್ಟು ಹೊಲಿದು, ಆಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅದೂ ಕೈಕೆಲಸವೇ, ಅನುಮಾನಪಡಬೇಕಿಲ್ಲ. ಜಾಳಿಗೆ ತೆಗೆದ ಮೇಲೆ ಹೊಲಿಗೆ ಸಡಿಲ ಉಳಿದಿದೆಯೇ ಎಂದಷ್ಟು ನೋಡಿ.

ಕೊನೆಗೆ ಚೀಟಿಗಳ ವಿಷಯ. ಸೀರೆಗೆ ಹೊಲಿದ ಒಂದು ಚೀಟಿ ನೋಡಿ ಎಲ್ಲವೂ ಸರಿಯೆಂದು ಜನ ನಂಬುತ್ತಾರೆ. ಒಂದೊಂದು ಚೀಟಿ ಹೇಳುವುದು ಒಂದೊಂದನ್ನು ಮಾತ್ರ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ನೂಲು ಶುದ್ಧ ರೇಷ್ಮೆ ಎನ್ನುತ್ತದೆ, ಕೈಮಗ್ಗದ್ದೋ ಯಂತ್ರದ್ದೋ ಹೇಳುವುದಿಲ್ಲ. 2006ರ ಹ್ಯಾಂಡ್‌ಲೂಮ್ ಮಾರ್ಕ್ ಕೈಯಲ್ಲಿ ನೇಯ್ದದ್ದು ಎನ್ನುತ್ತದೆ, ರೇಷ್ಮೆ ಎನ್ನುವುದಿಲ್ಲ. ಇಳಕಲ್ ಸೀರೆಗೆ ದೊರೆತಿರುವ ಭೌಗೋಳಿಕ ಗುರುತು ಹೆಸರಿನ ಹಕ್ಕು ಯಾವ ಊರಿನದೆಂದು ಹೇಳುತ್ತದೆ. ಚೀಟಿ ಯಾವುದಿದ್ದರೂ ಸೆರಗಿನ ತುದಿಯ ಎಳೆ ನೋಡುವುದನ್ನು ಬಿಡಬೇಡಿ.

ವಿದ್ಯುತ್ ಮಗ್ಗದವರೂ ನಮ್ಮ ನೆರೆಯವರೇ. ಇಳಕಲ್ಲಿನಲ್ಲೂ ರಬಕವಿ ಬನಹಟ್ಟಿಯಲ್ಲೂ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಮಗ್ಗಗಳಿಂದ. ದಿನವೂ ಉಟ್ಟು ಒಗೆಯಲು ಅವರ ಸೀರೆ ಗಟ್ಟಿ, ಬೆಲೆಯೂ ಕೈಗೆಟುಕುವಂಥದ್ದು. ಅದನ್ನು ಅದರ ಹೆಸರಿನಲ್ಲೇ ಮಾರಿದರೆ ಯಾರ ತಕರಾರೂ ಇಲ್ಲ. ಕೈಮಗ್ಗದ ಸೀರೆಗೆ ಹಾಸು ಹೊಂದಿಸಿ ಕೊಂಡಿ ಹಾಕಿ ನೇಯ್ದು ಮುಗಿಸಲು ವಾರದ ಹತ್ತಿರ ಹಿಡಿಯುತ್ತದೆ. ಕೊಂಡಿಯೇ ಇಲ್ಲದ ಸೀರೆ ಅದೇ ಹೆಸರಿನಲ್ಲಿ ಪಕ್ಕದಲ್ಲಿ ಕೂತರೆ, ಆ ವಾರದ ಕೂಲಿಯನ್ನು ಯಾರೂ ಕೊಡಲು ಒಪ್ಪುವುದಿಲ್ಲ. ಕೊಂಡಿ ಹೆಣೆಯುವ ಕೈಗಳು ಬೇರೆ ಕೂಲಿಗೆ ಹೋಗುತ್ತವೆ. ಹಾಗೆ ಹೋದ ಕೈಗಳನ್ನು ಮತ್ತೆ ಮಗ್ಗಕ್ಕೆ ಕರೆತರುವುದು ಬಲು ಕಷ್ಟ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿದ್ದಾರೆ, ಸೀರೆಯ ಕೆಲವು ಬಗೆಗಳೂ ಅದರಲ್ಲಿವೆ. ಕಾಯ್ದೆ ಕಾಗದದಲ್ಲಿದೆ, ಅಂಗಡಿಯ ಕಟ್ಟೆಯ ಮೇಲೆ ಅದು ಕಾಣಬೇಕು.

ಆದ್ದರಿಂದ ಜವಳಿ ಅಂಗಡಿಯವರಲ್ಲಿ ನಮ್ಮ ಬೇಡಿಕೆ ಸಣ್ಣದು. 'ಇಳಕಲ್ ಸೀರೆ 1' ಎಂದಷ್ಟೇ ಬಿಲ್ ಬರೆಯುವುದನ್ನು ನಿಲ್ಲಿಸಿ, ನಾಲ್ಕು ಮಾತು ಬರೆಯಿರಿ: ಕೈಮಗ್ಗವೋ ವಿದ್ಯುತ್ ಮಗ್ಗವೋ, ಒಡಲಿನ ನೂಲು ಯಾವುದು, ದಡಿ ಸೆರಗಿನ ನೂಲು ಯಾವುದು, ಕೊಂಡಿ ಇದೆಯೋ ಇಲ್ಲವೋ. ಕೊಳ್ಳುವವರು ಈ ನಾಲ್ಕನ್ನು ಬರೆಸಿಕೊಳ್ಳದೆ ದುಡ್ಡು ಕೊಡಬಾರದು. ಮುಂದೆ ಗ್ರಾಹಕರ ವೇದಿಕೆಗೆ ಹೋಗಬೇಕಾಗಿ ಬಂದರೆ ಕೈಯಲ್ಲಿರುವ ಆಧಾರ ಆ ಬಿಲ್ಲೇ. ಬೆಂಗಳೂರು, ಪುಣೆ ಅಥವಾ ಹೊರದೇಶದಲ್ಲಿದ್ದು ಮೊಬೈಲಿನಲ್ಲಿ ನೋಡಿ ತರಿಸುವ ನಮ್ಮ ಕನ್ನಡಿಗರು ಮೂರು ಫೋಟೊ ಕೇಳಲಿ: ಸೆರಗಿನ ತುದಿಯ ಬಿಡಿ ಎಳೆಗಳದ್ದು, ಸೆರಗು ಒಡಲು ಕೂಡುವ ಗೆರೆಯದ್ದು, ಅದೇ ಗೆರೆಯ ಹಿಂಬದಿಯದ್ದು. ಕೊಂಡಿ ಇರುವ ಸೀರೆ ಮಾರುವವರಿಗೆ ಈ ಮೂರು ಫೋಟೊ ಕಳಿಸಲು ಎರಡು ನಿಮಿಷ ಸಾಕು.

ತಮ್ಮ ಪತ್ರಿಕೆಯಲ್ಲೂ ಮುಂದೆ ಇಳಕಲ್ ಸೀರೆಯ ಲೇಖನ ಬರುವಾಗ ದಡಿಯ ಚಿತ್ರದ ಜೊತೆಗೆ ಕೊಂಡಿಯ ಗೆರೆಯ ಒಂದು ಹತ್ತಿರದ ಚಿತ್ರವನ್ನೂ ಹಾಕಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ಕೆಲವು ಕೈಮಗ್ಗ ನೇಕಾರರು ಮತ್ತು ಕೊಂಡಿ ಹೆಣೆಯುವವರು
ಇಳಕಲ್, ಬಾಗಲಕೋಟೆ ಜಿಲ್ಲೆ